ಚೆಕ್ ಮಾಡೇ ಬಿಟ್ಟಿದ್ದರಲ್ವಾ, ಮತ್ತೆ ರಾಕೆಟ್ ಕೆಟ್ಟಿದ್ದು ಹೇಗೆ?

2026ರ ಜನವರಿ 12, ಸೋಮವಾರ, ಬೆಳಿಗ್ಗೆ ಹತ್ತೂವರೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಟೀ ಅಂಗಡಿಯಲ್ಲಿ ನಾಲ್ಕೈದು ಜನ ಒಂದೇ ಮೊಬೈಲಿನ ಮೇಲೆ ಬಗ್ಗಿ ನಿಂತಿದ್ದೆವು. ಶ್ರೀಹರಿಕೋಟಾದಿಂದ ಇಸ್ರೊದ ರಾಕೆಟ್ ಪಿಎಸ್‌ಎಲ್‌ವಿ-ಸಿ62 ಎದ್ದಿತ್ತು. ಮೊದಲ ಹಂತ ಸರಿ ಹೋಯಿತು. ಎರಡನೆಯದೂ ಸರಿ. ಮೂರನೇ ಹಂತ ಮುಗಿಯುವ ಹೊತ್ತಿಗೆ ರಾಕೆಟ್ ದಾರಿ ತಪ್ಪಿತು. ಇಒಎಸ್-ಎನ್1 ಉಪಗ್ರಹವೂ ಅದರ ಜೊತೆ ಹೊರಟಿದ್ದ ಸಣ್ಣಪುಟ್ಟ ಉಪಗ್ರಹಗಳೂ ಕಕ್ಷೆ ಸೇರಲಿಲ್ಲ. ಅದಕ್ಕೂ ಎಂಟು ತಿಂಗಳ ಹಿಂದೆ, 2025ರ ಮೇ 18ರಂದು, ಅದರ ಹಿಂದಿನ ಪಿಎಸ್‌ಎಲ್‌ವಿ, ಸಿ61 ಕೂಡ ಇದೇ ಮೂರನೇ ಹಂತದಲ್ಲಿ ಕೈಕೊಟ್ಟಿತ್ತು. ಮೂವತ್ತು ವರ್ಷ ಕುದುರೆಯ ಹಾಗೆ ದುಡಿದ ರಾಕೆಟ್ ಅದು. ಒಂದರ ಹಿಂದೆ ಒಂದು ಎರಡು ಸಲ, ಅದೂ ಒಂದೇ ಹಂತದಲ್ಲಿ.

ಟೀ ಅಂಗಡಿಯವರು ಗ್ಲಾಸ್ ತೊಳೆಯುತ್ತಲೇ ಕೇಳಿದರು: "ಎಲ್ಲಾ ಚೆಕ್ ಮಾಡೇ ಬಿಡ್ತಾರಲ್ವಾ ಸಾರ್? ಆಮೇಲೆ ಹೆಂಗೆ ಕೆಡುತ್ತೆ?"

ನಾನು ಇಪ್ಪತ್ತು ವರ್ಷದಿಂದ ಕ್ಯೂಸಿ, ಅಂದರೆ ಗುಣಮಟ್ಟ ನೋಡುವ ಕೆಲಸದಲ್ಲಿರುವವನು. ವರ್ನಿಯರ್, ಮೈಕ್ರೋಮೀಟರ್, ಸೀಲು, ಸಹಿ, ಇದೇ ನನ್ನ ಹೊಟ್ಟೆಪಾಡು. ಆದರೂ ಟೀ ಮುಗಿಯುವುದರೊಳಗೆ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಇದು ಆ ಬಾಕಿ ಉತ್ತರ.

ಚುಟುಕಾಗಿ ಹೇಳಬೇಕೆಂದರೆ, ರಾಕೆಟ್ಟಿನಲ್ಲಿ ಯಾವುದು ತುಂಬಾ ಮುಖ್ಯವೋ ಅದನ್ನು ಮಾಡಿ ಮುಗಿಸಿದ ಮೇಲೆ ಚೆಕ್ ಮಾಡಲು ಬರುವುದಿಲ್ಲ. ದೀಪಾವಳಿಗೆ ತಂದ ಪಟಾಕಿಯನ್ನೇ ನೋಡಿ. ಹಚ್ಚಿದರೆ ಸದ್ದು ಬರುತ್ತೋ ಇಲ್ಲವೋ ಗೊತ್ತಾಗುತ್ತದೆ, ಆದರೆ ಆ ಪಟಾಕಿ ಅಲ್ಲಿಗೆ ಮುಗಿಯಿತು. ಡಬ್ಬಿಯಲ್ಲಿ ಉಳಿದವೂ ಅದರ ಹಾಗೇ ಇವೆ ಅಂತ ನಂಬಬೇಕು. ಆ ನಂಬಿಕೆಗೆ ಏನು ಆಧಾರ? ಎಲ್ಲವನ್ನೂ ಒಂದೇ ಥರ ಮಾಡಿದ್ದಾರೆ ಅನ್ನುವುದೊಂದೇ. ಪಿಎಸ್‌ಎಲ್‌ವಿಯ ಮೂರನೇ ಹಂತವೂ ಘನ ಇಂಧನದ್ದು. ಸುಮಾರು 7.6 ಟನ್ ಇಂಧನ, ಕೆವ್ಲಾರ್ ನಾರು ಸುತ್ತಿ ಮಾಡಿದ ಕವಚ. ಹಾರಿಸುವ ಮೋಟರನ್ನು ಮೊದಲು ಒಂದು ಸಲ ಉರಿಸಿ ನೋಡೋಣ ಅನ್ನುವ ಹಾಗಿಲ್ಲ.

ಅದರ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗೆ ಕವಚ. ಅದರ ಒಳಮೈಗೆ ಬೆಂಕಿ ತಡೆಯುವ ರಬ್ಬರಿನ ಪದರ. ಅದರ ಮೇಲೆ ಅಂಟಿನ ಹಾಗೆ ಹಿಡಿದುಕೊಳ್ಳುವ ಒಂದು ತೆಳು ಲೇಪ. ಆಮೇಲೆ ಇಂಧನ. ದೋಸೆ ಹಿಟ್ಟಿನ ಹಾಗಿರುವಾಗ ಅದನ್ನು ಸುರಿಯುತ್ತಾರೆ, ಬಿಸಿಯಲ್ಲಿ ಇಟ್ಟು ಗಟ್ಟಿ ಮಾಡುತ್ತಾರೆ. ಈ ಇಂಧನ ಉರಿಯುವುದು ಮೇಲ್ಮೈಯಲ್ಲಿ ಮಾತ್ರ. ಎಷ್ಟು ಮೇಲ್ಮೈ ತೆರೆದಿದೆಯೋ ಅಷ್ಟು ಅನಿಲ, ಅಷ್ಟು ಒತ್ತಡ. ಎಲ್ಲೋ ಒಂದು ಬಿರುಕು ಇದ್ದರೆ, ಇಲ್ಲವೇ ಪದರ ಎದ್ದಿದ್ದರೆ, ಬೆಂಕಿಗೆ ಹೊಸ ಮೇಲ್ಮೈ ಸಿಕ್ಕ ಹಾಗೆ. ಇಲ್ಲವೇ ಕಾದ ಅನಿಲ ನೇರ ಕವಚಕ್ಕೇ ತಾಗುತ್ತದೆ.

ಎಕ್ಸ್‌ರೇ ಹಿಡಿಯುತ್ತಾರೆ, ಅಲ್ಟ್ರಾಸೌಂಡ್ ಹಿಡಿಯುತ್ತಾರೆ. ಗುಳ್ಳೆ ಇದ್ದರೆ ಸಿಗುತ್ತದೆ, ಪದರ ಬಿಟ್ಟಿದ್ದರೂ ಸಿಗುತ್ತದೆ. ಸಿಗದೇ ಹೋಗುವುದು ಇನ್ನೊಂದಿದೆ. ಎರಡು ಪದರಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ನಡುವೆ ಕೂದಲೆಳೆಯಷ್ಟೂ ಸಂದಿ ಇರುವುದಿಲ್ಲ, ಆದರೆ ಅಂಟು ಹಿಡಿದಿರುವುದಿಲ್ಲ. ಗೋಡೆಗೆ ಆನಿಸಿಟ್ಟ ಏಣಿ ಗೋಡೆಗೆ ತಾಗಿರುತ್ತದೆ, ಅಂಟಿರುತ್ತದೆಯೇ? ಅಲ್ಟ್ರಾಸೌಂಡಿನ ಅಲೆ ಇಂಥ ಕಡೆ ಸಲೀಸಾಗಿ ದಾಟಿಹೋಗುತ್ತದೆ. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅಂಟು ಹಚ್ಚುವ ಮೊದಲು ಮೇಲ್ಮೈ ಒರೆಸಿದ ಬಟ್ಟೆ ಶುದ್ಧವಾಗಿತ್ತಾ, ಆವತ್ತು ಕೋಣೆಯಲ್ಲಿ ತೇವ ಎಷ್ಟಿತ್ತು, ಅಂಟು ಕಲಸಿ ಎಷ್ಟು ಹೊತ್ತಿಗೆ ಹಚ್ಚಿದರು, ನಡುವೆ ಯಾರಾದರೂ ಊಟಕ್ಕೆ ಎದ್ದು ಹೋಗಿದ್ದರಾ, ಇದರ ಮೇಲೆಯೇ ಅಂಟಿನ ಬಲ ನಿಂತಿದೆ. ಸಿ61, ಸಿ62ರಲ್ಲಿ ಇದೇ ಆಯಿತು ಅಂತ ನಾನು ಹೇಳುತ್ತಿಲ್ಲ. ಕೊನೆಯಲ್ಲಿ ನೋಡಿ ಹಿಡಿಯಲಾಗದ ತಪ್ಪು ಎಂಥದ್ದು ಅನ್ನುವುದಕ್ಕೆ ಇದೊಂದು ಮಾದರಿ, ಅಷ್ಟೆ. ವೆಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಸೋಲ್ಡರಿಂಗ್ ಎಲ್ಲವೂ ಇದೇ ಜಾತಿಗೆ ಸೇರಿದವು.

ಹಾಗಾಗಿ ಕೊನೆಯಲ್ಲಿ ನೋಡುವ ಬದಲು ಮಾಡುವಾಗಲೇ ಪ್ರತಿ ಹೆಜ್ಜೆಯನ್ನೂ ಹಿಡಿತದಲ್ಲಿಡಬೇಕು. ಇದಕ್ಕೆ ಇಂಗ್ಲಿಷಿನವರು ಪ್ರೋಸೆಸ್ ಕಂಟ್ರೋಲ್ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಎರಡೇ ಅಕ್ಷರ, ಹದ.

ಮಂಡ್ಯದ ಕಡೆ ಆಲೆಮನೆಯಲ್ಲಿ ಒಂದು ಹೊತ್ತು ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಪಾಕ ಮಾಡುವವರು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ತಡ ಮಾಡಿದರೆ ಕಪ್ಪಾಗುತ್ತದೆ. ಅಚ್ಚಿಗೆ ಸುರಿದ ಮೇಲೆ ಯಾರೂ ಏನೂ ಮಾಡಲಾರರು. ಮಂಡ್ಯದ ಮಾರುಕಟ್ಟೆಯಲ್ಲಿ ಬೆಲ್ಲ ನೋಡಿ ಇದು ಒಂದನೇ ನಂಬರು, ಇದು ಎರಡನೇ ನಂಬರು ಅಂತ ರೇಟು ಕಟ್ಟಬಹುದು, ಅಷ್ಟೇ. ಕೊನೆಯ ಇನ್‌ಸ್ಪೆಕ್ಷನ್ ಅಂದರೆ ಮಾರುಕಟ್ಟೆಯ ಆ ಕೆಲಸ. ಅದರಿಂದ ರೇಟು ಗೊತ್ತಾಗುತ್ತದೆ, ಬೆಲ್ಲ ಒಳ್ಳೆಯದಾಗುವುದಿಲ್ಲ.

ಆದರೆ ಆಲೆಮನೆಗೂ ರಾಕೆಟ್ಟಿಗೂ ಒಂದು ವ್ಯತ್ಯಾಸ ಇದೆ. ಆ ಹದ ಒಬ್ಬರ ಬೆರಳಲ್ಲಿದೆ. ಅವರಿಗೆ ಜ್ವರ ಬಂದರೆ ಆವತ್ತಿನ ಬೆಲ್ಲ ಬೇರೆ. ರಾಕೆಟ್ ಕೆಲಸದಲ್ಲಿ ಹದವನ್ನು ಬೆರಳಿನಿಂದ ಕಾಗದಕ್ಕೆ ಇಳಿಸಬೇಕು. ಎಷ್ಟು ಡಿಗ್ರಿ, ಎಷ್ಟು ನಿಮಿಷ, ಯಾವ ಬ್ಯಾಚು, ಯಾರ ಕೈ.

ಈ ಪಾಠ ಹುಟ್ಟಿದ್ದೂ ಊಟದ ವಿಷಯದಲ್ಲೇ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. 1960ರ ಆಸುಪಾಸಿನಲ್ಲಿ ಅಮೆರಿಕದ ಪಿಲ್ಸ್‌ಬರಿ ಕಂಪನಿ ಗಗನಯಾತ್ರಿಗಳಿಗೆ ಊಟ ತಯಾರಿಸುವ ಕೆಲಸ ಹಿಡಿಯಿತು. ಅಲ್ಲಿ ಹೊಟ್ಟೆ ಕೆಟ್ಟರೆ ಕಥೆ ಮುಗಿಯಿತಲ್ಲ, ಹಾಗಾಗಿ ಪೊಟ್ಟಣಗಳನ್ನು ಒಡೆದು ಪರೀಕ್ಷೆ ಮಾಡಿದರು. ಪೂರ್ತಿ ಖಾತ್ರಿ ಬೇಕೆಂದರೆ ಎಷ್ಟು ಪೊಟ್ಟಣ ಒಡೆಯಬೇಕು ಅಂದರೆ, ಕೊನೆಗೆ ತಿನ್ನಲು ಉಳಿಯುವುದೇ ಅಷ್ಟಿಷ್ಟು. ಆಗ ದಾರಿ ಬದಲಿಸಿದರು. ಹಿಟ್ಟು ಬಂದಲ್ಲಿಂದ ಹಿಡಿದು ಪೊಟ್ಟಣ ಮುಚ್ಚುವ ತನಕ ಎಲ್ಲೆಲ್ಲಿ ಕೆಡಬಹುದೋ ಅಲ್ಲಲ್ಲೇ ಕಾವಲು ಹಾಕಿದರು. ಇವತ್ತು ಆಹಾರ ಉದ್ಯಮದಲ್ಲೆಲ್ಲ ಹ್ಯಾಸಪ್ ಅಂತ ಕರೆಯುವುದು ಇದನ್ನೇ. ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್ ಗೊತ್ತಲ್ವಾ, ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾಲಯ? 1984ರಲ್ಲಿ ರಾಕೇಶ್ ಶರ್ಮ ಅವರಿಗೆ ಬಾಹ್ಯಾಕಾಶಕ್ಕೆ ಭಾರತೀಯ ಊಟ ಕಟ್ಟಿಕೊಟ್ಟಿದ್ದು ಅವರೇ. ಗಗನಯಾನಕ್ಕೆ ಅಡುಗೆ ಸಿದ್ಧಮಾಡುತ್ತಿರುವವರೂ ಅವರೇ. ಬಾಹ್ಯಾಕಾಶದ ಗುಣಮಟ್ಟ ಅಂದರೆ ಏನು ಅಂತ ಕೇಳಲು ನಾವು ಬೆಂಗಳೂರಿನವರೆಗೂ ಹೋಗಬೇಕಿಲ್ಲ.

ಇನ್ನು ಕಾರ್ಖಾನೆ. ಇಲ್ಲಿ ಟೈರು ಮಾಡುವವರಿದ್ದಾರೆ, ಆಕ್ಸಲ್ ಮಾಡುವವರಿದ್ದಾರೆ, ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರಿದ್ದಾರೆ. ಅವರೆಲ್ಲರ ಗೋಡೆಯ ಮೇಲೂ ಕಂಟ್ರೋಲ್ ಚಾರ್ಟ್ ಇರುತ್ತದೆ. 1924ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೆವಾರ್ಟ್ ಹುಟ್ಟುಹಾಕಿದ ಉಪಾಯ ಅದು. ಗಂಟೆಗೆ ಐದು ಪೀಸ್ ಅಳೆದು ಚುಕ್ಕಿ ಇಡುತ್ತಾ ಹೋಗಿ, ಚುಕ್ಕಿಗಳು ಮಿತಿಯ ಗೆರೆಯತ್ತ ಸರಿಯುತ್ತಿದ್ದರೆ ಟೂಲ್ ಸವೆಯುತ್ತಿದೆ ಅಂತ ತಿಳಿಯಿರಿ. ಸಾವಿರಾರು ಪೀಸ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ. ಆದರೆ ವರ್ಷಕ್ಕೆ ರಾಕೆಟ್ಟಿನ ಬೆಂಕಿ ಹೊರಬರುವ ನಾಜಲಿನ ನಾಲ್ಕು ಭಾಗ ಮಾಡುವವರು ಎಷ್ಟು ಚುಕ್ಕಿ ಇಟ್ಟಾರು? ನಾಲ್ಕು ಚುಕ್ಕಿಯಲ್ಲಿ ಗೆರೆಯೂ ಇಲ್ಲ, ಕಥೆಯೂ ಇಲ್ಲ.

ಹಾಗಾಗಿ ರಾಕೆಟ್ ಕೆಲಸದಲ್ಲಿ ಇನ್ನೊಂದು ದಾರಿ ಹಿಡಿಯುತ್ತಾರೆ. ಮೊದಲ ಪೀಸನ್ನು ಇಂಚಿಂಚೂ ಅಳೆದು, ಜೊತೆಗೆ ಮಾಡಿದ ಸ್ಯಾಂಪಲ್ ತುಂಡುಗಳನ್ನು ಎಳೆದು, ಮುರಿದು, ಕೊಯ್ದು ನೋಡಿ, ಇದು ಸರಿ ಅಂತ ಒಪ್ಪಿದ ಮೇಲೆ ಆ ವಿಧಾನವನ್ನು ಫ್ರೀಜ್ ಮಾಡುತ್ತಾರೆ. ಅದೇ ಮೆಷಿನ್ನು, ಅದೇ ಪ್ರೋಗ್ರಾಮು, ಅದೇ ಅರ್ಹತೆ ಪಡೆದ ವೆಲ್ಡರ್, ಒರೆಸಲು ಅದೇ ಸಾಲ್ವೆಂಟ್ ದ್ರವ. ಒಂದು ಬದಲಾದರೂ ಮತ್ತೆ ಮೊದಲಿಂದ ಸಾಬೀತು ಮಾಡಬೇಕು. ನಮ್ಮ ಚಿಕ್ಕ ವರ್ಕ್‌ಶಾಪುಗಳಿಗೆ ನುಂಗಲು ಕಷ್ಟವಾಗುವುದು ಇದೇ. ಒಂದು ಟೂಲ್ ಸಿಗದಿದ್ದರೆ ಇನ್ನೊಂದನ್ನು ಗ್ರೈಂಡ್ ಮಾಡಿ ಕೆಲಸ ಸಾಗಿಸುವುದು ನಮ್ಮವರ ದೊಡ್ಡ ಜಾಣತನ. ಲಾಕ್‌ಡೌನಿನಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದ್ದು ಅದರಿಂದಲೇ. ಅದೇ ಜಾಣತನ ರಾಕೆಟ್ ಕೆಲಸಕ್ಕೆ ಬಂದರೆ ತಪ್ಪಾಗುತ್ತದೆ. "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಶಾಪಿನಲ್ಲಿ ಎರಡು ಬಗೆಯ ಅಲ್ಯುಮಿನಿಯಂ ಬಾರ್ ಬರುತ್ತಿತ್ತು, 6061 ಮತ್ತು 6082. ಕಣ್ಣಿಗೆ ಎರಡೂ ಒಂದೇ. ಗುರುತಿಗೆ ಬಾರಿನ ಒಂದು ತುದಿಗೆ ಬಣ್ಣ ಬಳಿದಿರುತ್ತಾರೆ. ಬಣ್ಣ ಇಲ್ಲದ ತುದಿಯಿಂದ ಕತ್ತರಿಸುತ್ತಾ ಬಂದು, ಬಣ್ಣದ ತುದಿಯನ್ನು ಕೊನೆಗೆ ಉಳಿಸಬೇಕು. ಯಾರೋ ಉಲ್ಟಾ ಕತ್ತರಿಸಿದ್ದರು. ಮೂಲೆಯಲ್ಲಿ ಒಂದು ತುಂಡು ಬಿದ್ದಿತ್ತು, ಬಣ್ಣ ಇಲ್ಲ. ಐಟಿಐ ಮುಗಿಸಿ ಹೊಸದಾಗಿ ಸೇರಿದ್ದ ಹುಣಸೂರು ಕಡೆಯ ಹುಡುಗ "ಅಣ್ಣ, ಇದಕ್ಕೆ ಬಣ್ಣ ಇಲ್ವಲ್ಲ" ಅಂದ. "ಅಳತೆ ಬಂದ್ರೆ ಸಾಕು, ಹಾಕೋ" ಅಂದರು ಟರ್ನರ್. ಹದಿನಾಲ್ಕು ಫ್ಲೇಂಜ್, ಅಂದರೆ ಜೋಡಣೆಯ ಬಳೆ, ಆಯಿತು. ಎಲ್ಲದರ ಅಳತೆಯೂ ಟಾಲರೆನ್ಸ್, ಅಂದರೆ ಒಪ್ಪಬಹುದಾದ ಹೆಚ್ಚುಕಡಿಮೆಯ ಒಳಗೆ. ಪೀಸಿನ ಜೊತೆ ಸಾಗುವ ರೂಟ್ ಕಾರ್ಡಿನಲ್ಲಿ ಹೀಟ್ ನಂಬರಿನ, ಅಂದರೆ ಲೋಹ ಯಾವ ಎರಕದ್ದು ಅಂತ ಹೇಳುವ ನಂಬರಿನ, ಕಾಲಂ ಖಾಲಿ ಇತ್ತು. ಸಂಜೆ ಐದೂವರೆ, ಗಾಡಿ ಹೊರಡುವ ಹೊತ್ತು. ಹಿಂದಿನ ಬ್ಯಾಚಿನ ನಂಬರನ್ನೇ ತುಂಬಿ ಸೀಲು ಒತ್ತಿದವನು ನಾನು.

ಮಾರನೇ ದಿನ ಆ ಹುಡುಗ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. ಮಾಲು ವಾಪಸ್ ತರಿಸಿದೆವು. ಹದಿನಾಲ್ಕೂ ಸ್ಕ್ರಾಪ್. ಪುಣ್ಯಕ್ಕೆ ಅದು ಹಾರುವ ವಸ್ತುವಾಗಿರಲಿಲ್ಲ. ಒಂದು ಮಾತು ಹೇಳಲೇಬೇಕು. ಆ ತುಂಡು ಸರಿಯಾದ ಅಲ್ಯುಮಿನಿಯಮ್ಮೇ ಆಗಿದ್ದಿರಬಹುದು. ಆದರೂ ಎಸೆಯಬೇಕಿತ್ತು. ಯಾವ ಲೋಹ ಅಂತ ಹೇಳಲಾಗದ ಫ್ಲೇಂಜಿಗೆ ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಬೆಲೆ ಇಲ್ಲ.

ಅಳತೆಯನ್ನೂ ಹಾಗೇ ನಂಬುವಂತಿಲ್ಲ. ಬೇರೆ ಹೇಳದಿದ್ದರೆ ಡ್ರಾಯಿಂಗುಗಳ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ 35 ಡಿಗ್ರಿ ಇದ್ದರೆ 300 ಮಿಲಿಮೀಟರಿನ ಅಲ್ಯುಮಿನಿಯಂ ತುಂಡು ಸುಮಾರು 0.1 ಮಿಲಿಮೀಟರ್ ಉದ್ದವಾಗಿರುತ್ತದೆ. ಎಷ್ಟೋ ಡ್ರಾಯಿಂಗಿನ ಟಾಲರೆನ್ಸ್ ಇದಕ್ಕಿಂತ ಕಮ್ಮಿ. ಹಬಲ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಯ ಕಥೆ ಇನ್ನೂ ವಿಚಿತ್ರ. ಕನ್ನಡಿಯ ಆಕಾರ ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಆ ತಪ್ಪು ಉಪಕರಣಕ್ಕೆ ಸರಿಹೊಂದುವಂತೆ ಕನ್ನಡಿಯನ್ನು ಬಹಳ ಶ್ರದ್ಧೆಯಿಂದ ಉಜ್ಜಿದರು. ಇನ್ನೆರಡು ಸಾಧಾರಣ ಉಪಕರಣಗಳು "ಏನೋ ಸರಿಯಿಲ್ಲ" ಅಂತ ತೋರಿಸಿದ್ದವು. ದುಬಾರಿ ಉಪಕರಣವೇ ಸರಿ ಅಂತ ಅವನ್ನು ಬದಿಗಿಟ್ಟರು. 1990ರಲ್ಲಿ ಹಬಲ್ ಮೇಲೆ ಹೋದಮೇಲೆ ಚಿತ್ರಗಳೆಲ್ಲ ಮಂಜು ಮಂಜು.

ಕಾಗದ ಬೇಕೆಂದೇ ಸುಳ್ಳು ಹೇಳಿದರೆ? ಅದೂ ಆಗಿದೆ. 2009ರ ಫೆಬ್ರುವರಿ ಮತ್ತು 2011ರ ಮಾರ್ಚ್‌ನಲ್ಲಿ ಟಾರಸ್ ಎಕ್ಸ್‌ಎಲ್ ರಾಕೆಟ್ಟಿನ ಮೂತಿಯ ಹೊದಿಕೆ ಬಿಚ್ಚಿಕೊಳ್ಳದೆ ನಾಸಾದ ಎರಡು ಉಪಗ್ರಹಗಳು ಹೋದವು, ಒಸಿಒ ಮತ್ತು ಗ್ಲೋರಿ. ನಷ್ಟ 70 ಕೋಟಿ ಡಾಲರ್‌ಗೂ ಜಾಸ್ತಿ. ಹೊದಿಕೆಯ ಜೋಡಣೆಯಲ್ಲಿ ಸರಿಯಾಗಿ ಸೀಳಿಕೊಳ್ಳಬೇಕಿದ್ದ ಅಲ್ಯುಮಿನಿಯಂ ಭಾಗಗಳ ಟೆಸ್ಟ್ ಸರ್ಟಿಫಿಕೇಟುಗಳನ್ನು ಸಾಪಾ ಪ್ರೊಫೈಲ್ಸ್ ಕಂಪನಿ ತಿದ್ದಿತ್ತು ಅಂತ ನಾಸಾ ತನಿಖೆಯಲ್ಲಿ ಹೊರಬಂತು. ಒಂದೆರಡು ಸಲ ಅಲ್ಲ, 19 ವರ್ಷ, ಸಾವಿರಾರು ಸರ್ಟಿಫಿಕೇಟು. 2019ರಲ್ಲಿ 4.6 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು. ಅಲ್ಲಿ ಮಾಲು ಎಷ್ಟು ಹೊರಡುತ್ತೋ ಅದರ ಮೇಲೆ ಬೋನಸ್ ಇತ್ತು. ನನ್ನ ಐದೂವರೆ ಗಂಟೆಯ ಗಾಡಿ ನೆನಪಾಗುತ್ತದೆ.

ಆದರೆ ನನ್ನ ನಿದ್ದೆ ಕೆಡಿಸುವುದು ಬೇರೆ ಘಟನೆ. 2003ರ ಸೆಪ್ಟೆಂಬರ್ 6, ಕ್ಯಾಲಿಫೋರ್ನಿಯಾದ ಸನ್ನಿವೇಲ್. ಲಾಕ್‌ಹೀಡ್ ಮಾರ್ಟಿನ್ ಕಾರ್ಖಾನೆಯಲ್ಲಿ ನೋವಾ-ಎನ್ ಪ್ರೈಮ್ ಎಂಬ ಹವಾಮಾನ ಉಪಗ್ರಹವನ್ನು ಗಾಡಿಯ ಮೇಲೆ ನಿಲ್ಲಿಸಿದ್ದರು. ಗಾಡಿಗೂ ಉಪಗ್ರಹದ ತಳದ ತಟ್ಟೆಗೂ ನಡುವೆ 24 ಬೋಲ್ಟ್ ಇರಬೇಕಿತ್ತು. ಬೇರೆ ತಂಡದವರು ತಮ್ಮ ಕೆಲಸಕ್ಕೆ ಅಂತ ಅವನ್ನು ಬಿಚ್ಚಿಕೊಂಡು ಹೋಗಿದ್ದರು, ಎಲ್ಲೂ ಬರೆದಿರಲಿಲ್ಲ. ಆವತ್ತಿನ ಎಂಜಿನಿಯರ್ ಬೋಲ್ಟ್ ನೋಡಬೇಕಿತ್ತು. ನೋಡಿದ್ದು ಹಿಂದಿನ ಕೆಲಸದ ಕಾಗದವನ್ನು. ಕಾಗದದಲ್ಲಿ ಬೋಲ್ಟ್ ಇತ್ತು. ತಪಾಸಣೆಯವರೂ ಸಹಿ ಮಾಡಿದರು. ಉಪಗ್ರಹವನ್ನು ಮಲಗಿಸಲು ಗಾಡಿ ಓರೆ ಮಾಡುತ್ತಿದ್ದಂತೆ ಅದು ಜಾರಿ ಕಾಂಕ್ರೀಟ್ ನೆಲಕ್ಕೆ ಬಿತ್ತು. ರಿಪೇರಿಗೆ ತಗುಲಿದ್ದು 13.5 ಕೋಟಿ ಡಾಲರ್. ಹಾರಿದ್ದು 2009ರಲ್ಲಿ.

ತನಿಖಾ ವರದಿಯಲ್ಲಿ ಒಂದು ಸಾಲಿದೆ. ಟೆಕ್ನೀಷಿಯನ್‌ಗಳ ಮೇಲ್ವಿಚಾರಕರು ಕೆಲಸದ ನಡುವೆಯೇ "ಬೋಲ್ಟಿನ ತೂತುಗಳು ಖಾಲಿ ಇವೆ" ಅಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಹುಣಸೂರು ಹುಡುಗನ "ಬಣ್ಣ ಇಲ್ವಲ್ಲ" ಅನ್ನುವ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ, ನಿಯಮಗಳೂ ಬೇಕಾದಷ್ಟಿದ್ದವು. ಕಂಡವರ ಮಾತಿಗೆ ಕೆಲಸ ನಿಲ್ಲಿಸುವ ಶಕ್ತಿ ಇರಲಿಲ್ಲ. ಆಡಿಟ್‌ಗೆ ಬರುವವರು ಸರ್ಟಿಫಿಕೇಟು ಕೇಳುತ್ತಾರೆ, ಮೆಷಿನ್ ನೋಡುತ್ತಾರೆ. ನಾನು ಆಡಿಟರ್ ಆಗಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಹೆಲ್ಪರ್ ಹೇಳಿದ್ದಕ್ಕೆ ಕೆಲಸ ನಿಂತಿದ್ದು ಕೊನೆಯ ಸಲ ಯಾವಾಗ?

ಇದೆಲ್ಲ ಈಗ ಯಾಕೆ ಮುಖ್ಯ ಅಂದರೆ, ರಾಕೆಟ್ ಕೆಲಸ ಇಸ್ರೊ ಗೋಡೆಯಿಂದ ಹೊರಗೆ ಬರುತ್ತಿದೆ. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಐದು ಪಿಎಸ್‌ಎಲ್‌ವಿ ಕಟ್ಟುವ ಕೆಲಸ ಎಚ್‌ಎಎಲ್ ಮತ್ತು ಎಲ್‌ ಆಂಡ್ ಟಿ ಕೈಗೆ ಹೋಗಿದೆ. 2025ರಲ್ಲಿ ಸಣ್ಣ ಉಪಗ್ರಹಗಳ ರಾಕೆಟ್ಟಾದ ಎಸ್‌ಎಸ್‌ಎಲ್‌ವಿ ತಂತ್ರಜ್ಞಾನವೂ ಎಚ್‌ಎಎಲ್‌ಗೆ ಸಿಕ್ಕಿತು. ದೊಡ್ಡವರು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಕೆಲಸ ಇಳಿಯುತ್ತಾ ಇಳಿಯುತ್ತಾ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯಂಥ ಕಡೆಯ ಶೆಡ್ಡುಗಳಿಗೆ ಬರುತ್ತದೆ. ಬರಲಿ, ಬರಬೇಕು. ಆದರೆ ಮೊದಲು ಇಸ್ರೊದವರೇ ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ನೋಡುವವರು ಯಾರು ಅನ್ನುವುದು ನಿಕ್ಕಿಯಾಗಬೇಕು.

ಇನ್ನೊಂದು ಬೇಡಿಕೆ ನನ್ನದು: ರಾಕೆಟ್ ಸೋತಾಗ ಕಾರಣವನ್ನು ಜನರ ಮುಂದೆ ಇಡಬೇಕು. 2006ರ ಜುಲೈ 10ರ ಸಂಜೆ ಇಸ್ರೊದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿ-ಎಫ್02 ಇನ್ಸಾಟ್-4ಸಿ ಉಪಗ್ರಹ ಹೊತ್ತು ಎದ್ದಿತು. ನೆಲ ಬಿಟ್ಟ ಕ್ಷಣದಲ್ಲೇ ನಾಲ್ಕು ದ್ರವ ಬೂಸ್ಟರುಗಳಲ್ಲಿ ಒಂದರ ಬಲ ಹೋಯಿತು, ನಿಮಿಷದೊಳಗೆ ರಾಕೆಟ್ ಚೂರಾಯಿತು. ಕಾರಣ ಇಂಧನದ ಹರಿವು ಹಿಡಿತದಲ್ಲಿಡುವ ಒಂದು ರೆಗ್ಯುಲೇಟರ್. ಅದನ್ನು ಮಾಡುವಾಗ ಗೊತ್ತಿಲ್ಲದೆ ಆದ ತಪ್ಪು, ಆಮೇಲಿನ ತಪಾಸಣೆ ಮತ್ತು ಪರೀಕ್ಷೆಯ ಕಣ್ಣಿಗೂ ಬೀಳದೆ ದಾಟಿಹೋಗಿತ್ತು. ಇದನ್ನು ಇಸ್ರೊ ಆಗ ಜನರ ಮುಂದೆಯೇ ಹೇಳಿತು. ತಯಾರಿಕೆ ಹಿಡಿತದಲ್ಲಿದೆಯಾ ಅಂತ ತಿಳಿಯಲು ಪ್ರತಿ 20 ಎಂಜಿನ್ನಿಗೆ ಒಂದನ್ನು ಜಾಸ್ತಿ ಹೊತ್ತು ಉರಿಸಿ ನೋಡಬೇಕು ಅನ್ನುವ ಶಿಫಾರಸನ್ನೂ ಹೇಳಿತು. ಮತ್ತೆ ಆ ಪಟಾಕಿ ಡಬ್ಬಿಯದೇ ಲೆಕ್ಕ, ನೋಡಿ. 2021ರ ಜಿಎಸ್‌ಎಲ್‌ವಿ-ಎಫ್10 ಸೋತಾಗಲೂ ವಾಲ್ವಿನ ಸೀಲ್ ತನಕ ಬಿಡಿಸಿ ಹೇಳಿದ್ದರು. ಆ ಟಿಪ್ಪಣಿಗಳನ್ನು ನಾನು ಪ್ರಿಂಟ್ ತೆಗೆಸಿ ಹೊಸ ಹುಡುಗರಿಗೆ ಓದಿಸಿದ್ದೇನೆ. ಸಿ61ರ ವರದಿ ಮಾತ್ರ ಜನರ ಕೈಗೆ ಬರಲಿಲ್ಲ, ಅಷ್ಟರಲ್ಲಿ ಸಿ62 ಹಾರಿತು. ಗುಟ್ಟು ಕಾಪಾಡಬೇಕಾದ ಕಾರಣಗಳು ಇರಬಹುದು. ಆದರೆ ನೂರಾರು ಚಿಕ್ಕ ಶಾಪುಗಳನ್ನು ನಂಬಿ ರಾಕೆಟ್ ಕಟ್ಟುವ ದೇಶದಲ್ಲಿ ತಪ್ಪಿನ ಪಾಠ ಆ ಶಾಪುಗಳ ತನಕ ಇಳಿಯದಿದ್ದರೆ ಪ್ರತಿಯೊಬ್ಬರೂ ಅದೇ ತಪ್ಪನ್ನು ಸ್ವಂತ ಖರ್ಚಿನಲ್ಲಿ ಕಲಿಯಬೇಕಾಗುತ್ತದೆ.

ಖರ್ಚು ಅಂದೆನಲ್ಲ. ಹೂಟಗಳ್ಳಿಯಲ್ಲಿ ನನ್ನ ಗೆಳೆಯನದ್ದು ಒಂದು ಚಿಕ್ಕ ಶಾಪ್, ಆರು ಮೆಷಿನ್ನು, ಹದಿನೆಂಟು ಜನ. ಕಳೆದ ತಿಂಗಳು ಮೊದಲ ಸಲ ರಾಕೆಟ್ ಬ್ರಾಕೆಟ್ ಒಂದಕ್ಕೆ ಕೊಟೇಶನ್ ಕೇಳಿದ್ದರು. ರಾತ್ರಿ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಮೆಷಿನ್ ಕೆಲಸ ಆರು ಗಂಟೆ. ಅಳತೆ, ಸ್ಯಾಂಪಲ್ ಪರೀಕ್ಷೆ, ರೂಟ್ ಕಾರ್ಡು, ಫೋಟೊ, ಸಹಿ ಎಲ್ಲ ಸೇರಿ ಒಂಬತ್ತು. ನಮ್ಮ ಕಡೆ ರೇಟು ಕಟ್ಟುವುದು ಮೆಷಿನ್ ಗಂಟೆಗೆ, ಕಾಗದದ ಗಂಟೆಗೆ ಯಾರೂ ರೇಟು ಕಟ್ಟುವುದಿಲ್ಲ. ಟೆಂಡರಿನಲ್ಲಿ ಗೆಲ್ಲುವುದು ಎಲ್ಲರಿಗಿಂತ ಕಮ್ಮಿ ಹೇಳಿದವರು. ಕಮ್ಮಿ ಮಾಡಲು ಕೈ ಹಾಕುವುದು ಮೊದಲು ಆ ಒಂಬತ್ತು ಗಂಟೆಗೇ. ಗೆಳೆಯ ಧೈರ್ಯ ಮಾಡಿ "ತಪಾಸಣೆ ಮತ್ತು ದಾಖಲೆ" ಅಂತ ಬೇರೆ ಸಾಲೇ ಹಾಕಿ ಕಳಿಸಿದ. ಮೂರನೇ ದಿನ ಫೋನ್ ಬಂತು, ರೇಟೆಲ್ಲ ಓಕೆ, ಆ ಒಂದು ಸಾಲು ತೆಗೆದು ಮತ್ತೆ ಕಳಿಸಿ ಅಂದರು. ಅವನು ಇನ್ನೂ ಕಳಿಸಿಲ್ಲ.